ಗಂಡು ಮೀನಿನ ರಕ್ತದಲ್ಲಿ ಮೊಟ್ಟೆಯ ಹಳದಿ

ಲಂಡನ್ ನಗರದ ಉತ್ತರ ಭಾಗದಿಂದ ಇಳಿದು ಬಂದು ಥೇಮ್ಸ್ ಸೇರುವ ಸಣ್ಣ ನದಿಯೊಂದಿದೆ. ಹೆಸರು ಲೀ. ನದಿ ಎಂದಾಕ್ಷಣ ನಮ್ಮ ತುಂಗಭದ್ರೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ; ಹಳ್ಳಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಸುತ್ತಲಿನ ಊರುಗಳ ಒಳಚರಂಡಿ ನೀರು ಶುದ್ಧೀಕರಣ ಘಟಕಗಳನ್ನು ಹಾದು ಇದನ್ನೇ ಸೇರುತ್ತದೆ. 1970ರ ದಶಕದ ಕೊನೆಯಲ್ಲಿ ಇಂಥದೊಂದು ಘಟಕದ ಹೊಂಡಗಳಲ್ಲಿ ಗಾಳ ಹಾಕುತ್ತಿದ್ದವರಿಗೆ ವಿಚಿತ್ರ ಮೀನುಗಳು ಸಿಕ್ಕವು. ರೋಚ್ ಎಂಬ, ನಮ್ಮ ಗೆಂಡೆ ಮೀನುಗಳ ಬಳಗಕ್ಕೇ ಸೇರಿದ ಮೀನು ಅದು. ಹೊರನೋಟಕ್ಕೆ ಯಾವ ದೋಷವೂ ಇಲ್ಲ. ಆದರೆ ಹೊಟ್ಟೆ ಸೀಳಿ ನೋಡಿದರೆ ಗಂಡೋ ಹೆಣ್ಣೋ ಹೇಳುವಂತಿರಲಿಲ್ಲ. ವೃಷಣದ ಒಳಗೇ ಮೊಟ್ಟೆಗಳು ಬೆಳೆಯುತ್ತಿದ್ದವು!

ಕೆಲವು ಜಾತಿಯ ಮೀನುಗಳು ಆಯುಷ್ಯದ ನಡುವೆ ಲಿಂಗ ಬದಲಿಸಿಕೊಳ್ಳುವುದುಂಟು. ಆದರೆ ರೋಚ್ ಆ ಪಂಗಡದ್ದಲ್ಲ. ಹಾಗಿದ್ದರೆ ಆ ನೀರಿನಲ್ಲಿ ಏನಿತ್ತು? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ಉತ್ತರ ಅರ್ಥವಾಗಬೇಕಾದರೆ ಮೊದಲು ಮೀನಿನ ಹಾರ್ಮೋನಿನ ಕತೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಅದರಲ್ಲಿ ಭಾರತಕ್ಕೂ ದೊಡ್ಡ ಪಾತ್ರವಿದೆ.

ಮೀನಿಗೂ ನಮ್ಮಂತೆಯೇ ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿದೆ. ಅದರ ಸಾರವನ್ನು ತೆಗೆದು ಇನ್ನೊಂದು ಮೀನಿಗೆ ಚುಚ್ಚಿದರೆ ಏನಾಗುತ್ತದೆ ಎಂದು 1930ರ ಸುಮಾರಿಗೆ ಪರೀಕ್ಷಿಸಿದವರು ಅರ್ಜೆಂಟೀನಾದ ಬರ್ನಾರ್ಡೊ ಹೌಸ್ಸೆ. ಮುಂದೆ 1947ರಲ್ಲಿ ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ಇವರೇ. ಮರಿ ಹಾಕುವ ಜಾತಿಯ ಮೀನುಗಳು ಚುಚ್ಚುಮದ್ದಿನಿಂದ ಅವಧಿಗೆ ಮುನ್ನವೇ ಮರಿ ಹಾಕಿದವು. ಕೆಲವೇ ವರ್ಷಗಳಲ್ಲಿ ಬ್ರೆಜಿಲ್‌ನವರು ಇದೇ ಉಪಾಯದಿಂದ ಮೀನುಗಳಿಂದ ಮೊಟ್ಟೆ ಇಡಿಸಿದರು.

ನಮ್ಮ ದೇಶದ ತೊಂದರೆ ಬೇರೆಯಾಗಿತ್ತು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯಲ್ಲಿ ಚೆನ್ನಾಗಿ ಕೊಬ್ಬುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಸ ನೀರು, ಹರಿಯುವ ಪ್ರವಾಹ ಬೇಕು. ಹೀಗಾಗಿ ಮೀನುಮರಿ ಬೇಕೆಂದರೆ ಗಂಗೆಯಂಥ ನದಿಗಳಲ್ಲಿ ಬಲೆ ಹಾಕಿ ಬಾಚಿ ತರಬೇಕಿತ್ತು. ತಂದುದರಲ್ಲಿ ಬೇಡದ ಜಾತಿಯ ಮರಿಗಳೂ ಬೆರೆತಿರುತ್ತಿದ್ದವು. ಒಡಿಶಾದ ಅಂಗುಲ್‌ನ ಮೀನು ಕ್ಷೇತ್ರದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು 1957ರ ಜುಲೈ 10ರಂದು ಈ ಕಗ್ಗಂಟನ್ನು ಬಿಡಿಸಿದರು. ಬಲಿತ ಮೀನಿನ ತಲೆಯಿಂದ ಪಿಟ್ಯುಟರಿ ಗ್ರಂಥಿ ತೆಗೆದು, ಅರೆದು, ಅದರ ತಿಳಿಯನ್ನು ಇನ್ನೊಂದು ಮೀನಿನ ಮಾಂಸಖಂಡಕ್ಕೆ ಚುಚ್ಚಿದರು. ಗೆಂಡೆ ಮೀನುಗಳು ಕಟ್ಟಿಹಾಕಿದ ನೀರಿನಲ್ಲೇ ಮೊಟ್ಟೆ ಇಟ್ಟವು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ.

ಅಂಗುಲ್‌ನಲ್ಲಿ ಬಳಸಿದ ಸಾರದ ಪ್ರಮಾಣ ಅತ್ಯಲ್ಪ. ಆದರೂ ಮೀನಿನ ಇಡೀ ದೇಹ ಅದರ ಮಾತು ಕೇಳಿತು. ಹಾರ್ಮೋನಿನ ಸ್ವಭಾವವೇ ಹಾಗೆ. ವಿಷ ಕೊಲ್ಲುತ್ತದೆ, ಹಾರ್ಮೋನು ಅಪ್ಪಣೆ ಮಾಡುತ್ತದೆ. ಅದರಲ್ಲೂ ಈಸ್ಟ್ರಡಯಾಲ್ ಎಂಬ ಸ್ತ್ರೀ ಹಾರ್ಮೋನು ಮೀನಿನಲ್ಲಿಯೂ ಮನುಷ್ಯರಲ್ಲಿಯೂ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೆಣ್ಣು ಮೀನು ಮೊಟ್ಟೆ ಕಟ್ಟುವ ಕಾಲಕ್ಕೆ ಅಂಡಾಶಯದಿಂದ ಈ ಹಾರ್ಮೋನು ಯಕೃತ್ತಿಗೆ ಹೋಗುತ್ತದೆ. ಯಕೃತ್ತು ವೈಟೆಲೊಜೆನಿನ್ ಎಂಬ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ಅಂಡಾಶಯ ತಲುಪಿ ಮೊಟ್ಟೆಯ ಹಳದಿ ಲೋಳೆಯಾಗುತ್ತದೆ. ಮೊಟ್ಟೆಯಿಂದ ಹೊರಬಿದ್ದ ಮರಿಗೆ ಬಾಯಿ ತೆರೆದು ತಿನ್ನಲು ಬರುವವರೆಗೆ ಇದೇ ಬುತ್ತಿ. ಗಂಡು ಮೀನಿನ ಯಕೃತ್ತಿಗೂ ಈ ಕೆಲಸ ಬರುತ್ತದೆ, ಆದರೆ ಅಪ್ಪಣೆ ಬರುವುದಿಲ್ಲ. ಆದ್ದರಿಂದ ಅದು ಸುಮ್ಮನಿರುತ್ತದೆ.

ಈ ಬುತ್ತಿಯಲ್ಲಿ ವಿಷವೂ ಸೇರಬಲ್ಲದು ಎಂಬುದು ಲೀ ನದಿಯ ಪ್ರಕರಣಕ್ಕೆ ಮೊದಲೇ ಅಮೆರಿಕದಲ್ಲಿ ಗೊತ್ತಾಗಿತ್ತು. ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಸರೋವರದ ಟ್ರೌಟ್ ಮೀನುಗಳ ಮೊಟ್ಟೆಗಳನ್ನು ತಂದು ಮರಿ ಮಾಡುವ ಪದ್ಧತಿಯಿತ್ತು. 1950ರ ದಶಕದ ನಡುವಿನಿಂದ ಒಂದು ವಿಪರೀತ ಕಂಡುಬಂತು. ಮೊಟ್ಟೆಗಳು ಸರಿಯಾಗಿಯೇ ಒಡೆಯುತ್ತಿದ್ದವು, ಮರಿಗಳು ಚುರುಕಾಗಿಯೇ ಇರುತ್ತಿದ್ದವು. ಹೊಟ್ಟೆಗೆ ಅಂಟಿದ ಹಳದಿ ಚೀಲ ಇನ್ನೇನು ಕರಗಿ ಮುಗಿಯಬೇಕು, ಅಷ್ಟರಲ್ಲಿ ರಾಶಿ ರಾಶಿಯಾಗಿ ಸತ್ತುಹೋಗುತ್ತಿದ್ದವು. ಸುತ್ತಲಿನ ಪ್ರದೇಶದಲ್ಲಿ ಹುಳಗಳ ಹಾವಳಿ ತಡೆಯಲು ಸಿಂಪಡಿಸಿದ ಡಿಡಿಟಿ ತಾಯಿ ಮೀನಿನ ಕೊಬ್ಬಿನಲ್ಲಿ ಸೇರಿ, ಅಲ್ಲಿಂದ ಮೊಟ್ಟೆಯ ಹಳದಿಗೆ ಇಳಿದಿತ್ತು. ಮರಿ ಕಡೆಯ ತುತ್ತು ಉಂಡಾಗ ವಿಷವನ್ನೂ ಉಂಡಿತು. ಬರ್ಡಿಕ್ ಮತ್ತು ಸಂಗಡಿಗರು 1964ರಲ್ಲಿ ಇದನ್ನು ಸಿದ್ಧಪಡಿಸಿ ತೋರಿಸಿದರು.

ಮೀನಿನ ಉಪವಾಸಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಮೀನುಗಳು ಉಪವಾಸದಲ್ಲಿ ಪಳಗಿದವು. ಸಾಲ್ಮನ್ ಸಮುದ್ರ ಬಿಟ್ಟು ನದಿ ಏರುವಾಗ ಏನನ್ನೂ ತಿನ್ನುವುದಿಲ್ಲ; ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಯೇ ಈಜುತ್ತದೆ, ಮೊಟ್ಟೆಗಳನ್ನೂ ಬಲಿಸಿಕೊಳ್ಳುತ್ತದೆ. ಸಾಮಾನ್ಯ ಮೀನಿಗೂ ಆಹಾರ ಸಿಗದಿದ್ದಾಗ ಯಕೃತ್ತಿನ ಸಕ್ಕರೆಯ ದಾಸ್ತಾನು, ಅನಂತರ ಕೊಬ್ಬು, ಕಡೆಗೆ ಮಾಂಸ ಹೀಗೆ ಒಂದೊಂದೇ ಖರ್ಚಾಗುತ್ತವೆ. ಕೊಬ್ಬಿನಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದ ಡಿಡಿಟಿಯಂಥ ವಸ್ತುಗಳು ಆ ಕೊಬ್ಬು ಕರಗಿದಾಗ ರಕ್ತಕ್ಕೆ ಬಂದು ಮಿದುಳು, ಯಕೃತ್ತುಗಳಿಗೆ ಹರಿಯುತ್ತವೆ. ಹೊಟ್ಟೆ ತುಂಬಿದ ಮೀನು ತಾಳಿಕೊಳ್ಳುವ ವಿಷವನ್ನು ಹಸಿದ ಮೀನು ತಾಳಲಾರದು.

ಮತ್ತೆ ಇಂಗ್ಲೆಂಡಿಗೆ ಬರೋಣ. ಲೀ ನದಿಯ ನೀರಿನಲ್ಲಿ ಸ್ತ್ರೀ ಹಾರ್ಮೋನಿನಂಥದೇನೋ ಇರಬೇಕು ಎಂಬ ಸಂಶಯ ಬಂದರೂ ಅಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವುದು ಆಗ ಸುಲಭವಿರಲಿಲ್ಲ. ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಸರ್ಕಾರಿ ಮೀನುಗಾರಿಕೆ ಪ್ರಯೋಗಾಲಯದ ವಿಜ್ಞಾನಿಗಳು ಮೀನಿನಿಂದಲೇ ಸಾಕ್ಷಿ ಹೇಳಿಸಿದರು. ಪಂಜರಗಳಲ್ಲಿ ಟ್ರೌಟ್ ಮೀನುಗಳನ್ನಿಟ್ಟು ದೇಶದ ಹಲವೆಡೆ ಶುದ್ಧೀಕರಣ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಮುಳುಗಿಸಿದರು. ಮೂರು ವಾರ ಕಳೆದ ಮೇಲೆ ರಕ್ತ ತೆಗೆದು ನೋಡಿದರೆ ವೈಟೆಲೊಜೆನಿನ್ ಪ್ರಮಾಣ ಕೆಲವೆಡೆ 500 ಪಟ್ಟು, ಕೆಲವೆಡೆ ಒಂದು ಲಕ್ಷ ಪಟ್ಟು ಏರಿತ್ತು! ಮೊಟ್ಟೆ ಇಡುವ ಅಂಗವೇ ಇಲ್ಲದ ಗಂಡು ಮೀನುಗಳು ಮೊಟ್ಟೆಯ ಹಳದಿಯನ್ನು ತಯಾರಿಸುತ್ತಿದ್ದವು. 1980ರ ದಶಕದಲ್ಲೇ ಆರಂಭವಾದ ಈ ಪರೀಕ್ಷೆಗಳ ಫಲ ಸಾರ್ವಜನಿಕರಿಗೆ ತಿಳಿದದ್ದು 1994ರಲ್ಲಿ. ಆ ನದಿಗಳ ನೀರನ್ನೇ ಶುದ್ಧಗೊಳಿಸಿ ಜನ ಕುಡಿಯುತ್ತಿದ್ದರು ಎಂಬುದನ್ನು ನೆನೆದರೆ ಅಷ್ಟು ದಿನದ ಮೌನ ಸರಿಯೆನಿಸುವುದಿಲ್ಲ.

ಆರೋಪಿ ಯಾರು ಎಂಬ ಹುಡುಕಾಟ ಮೊದಲು ಕಾರ್ಖಾನೆಗಳ ಕಡೆ ತಿರುಗಿತು. ಯಾರ್ಕ್‌ಶೈರ್‌ನ ಏರ್ ನದಿಯ ಬಳಿ ಉಣ್ಣೆ ತೊಳೆಯುವ ಉದ್ಯಮವಿತ್ತು. ಅಲ್ಲಿ ಬಳಸುತ್ತಿದ್ದ ಮಾರ್ಜಕಗಳು ಕೊಳೆತು ನೊನೈಲ್‌ಫೀನಾಲ್ ಎಂಬ ರಾಸಾಯನಿಕವಾಗುತ್ತಿದ್ದವು. ಇದು ಸ್ತ್ರೀ ಹಾರ್ಮೋನಿನ ವೇಷ ಹಾಕಬಲ್ಲದೆಂದು ಅಮೆರಿಕದ ಅನಾ ಸೋಟೊ, ಕಾರ್ಲೋಸ್ ಸೊನೆನ್‌ಶೈನ್ ಅವರು 1991ರಲ್ಲಿ ಪ್ರಕಟಿಸಿದ್ದರು. ಅವರಿಗೆ ಅದು ಗೊತ್ತಾದದ್ದೂ ಆಕಸ್ಮಿಕವಾಗಿ: ಪ್ರಯೋಗಾಲಯದ ಪ್ಲಾಸ್ಟಿಕ್ ಕೊಳವೆಯಿಂದ ಸೋರಿದ ವಸ್ತು ಸ್ತನ ಕ್ಯಾನ್ಸರಿನ ಕೋಶಗಳನ್ನು ಬೆಳೆಸಿತ್ತು. ಏರ್ ನದಿಯ ಮಟ್ಟಿಗೆ ನೊನೈಲ್‌ಫೀನಾಲ್ ತಪ್ಪಿತಸ್ಥನೇ ಆಗಿತ್ತು. ಆದರೆ ಕಾರ್ಖಾನೆಯೇ ಇಲ್ಲದ ಊರುಗಳ ನೀರು?

ಆ ನೀರನ್ನು ಹಂತಹಂತವಾಗಿ ಸೋಸಿ ಬೇರ್ಪಡಿಸಿ 1998ರಲ್ಲಿ ಕೊಟ್ಟ ಉತ್ತರ ಯಾರೂ ನಿರೀಕ್ಷಿಸದಷ್ಟು ಸರಳವಾಗಿತ್ತು. ಅದು ಮನುಷ್ಯರ ಮೂತ್ರ. ಅದರಲ್ಲಿ ಈಸ್ಟ್ರಡಯಾಲ್, ಈಸ್ಟ್ರೋನ್ ಎಂಬ ಸಹಜ ಹಾರ್ಮೋನುಗಳಿದ್ದವು. ಜೊತೆಗೆ ಗರ್ಭನಿರೋಧಕ ಮಾತ್ರೆಗಳಲ್ಲಿ ಬಳಸುವ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಹಾರ್ಮೋನು. ದೇಹವು ಹಾರ್ಮೋನನ್ನು ಹೊರಹಾಕುವಾಗ ಅದಕ್ಕೊಂದು ಸಕ್ಕರೆಯಂಥ ಅಣುವನ್ನು ಕಟ್ಟಿ ನಿಷ್ಕ್ರಿಯಗೊಳಿಸಿಯೇ ಕಳಿಸುತ್ತದೆ. ಆದರೆ ಒಳಚರಂಡಿಯ ಬ್ಯಾಕ್ಟೀರಿಯಾಗಳು ಆ ಗಂಟನ್ನು ಬಿಚ್ಚಿ ತಿನ್ನುತ್ತವೆ, ಹಾರ್ಮೋನು ಮತ್ತೆ ಜೀವ ತಳೆಯುತ್ತದೆ. ಪತ್ರಿಕೆಗಳಿಗೆ ಮಾತ್ರೆಯ ಸುದ್ದಿ ರುಚಿಸಿತು, ದೂಷಣೆ ಹೆಂಗಸರ ಮೇಲೆ ಬಂತು. ಇದು ಅನ್ಯಾಯ. ಮಾತ್ರೆಯ ಹಾರ್ಮೋನು ಹೆಚ್ಚು ಪ್ರಬಲವೆಂಬುದು ನಿಜವಾದರೂ ನೀರಿನಲ್ಲಿ ಹೆಚ್ಚು ಪ್ರಮಾಣದಲ್ಲಿದ್ದದ್ದು ಸಹಜ ಹಾರ್ಮೋನು. ಅದು ಹೆಂಗಸರಿಂದಲೂ ಬರುತ್ತದೆ, ಗಂಡಸರಿಂದಲೂ ಬರುತ್ತದೆ.

ಅದೇ 1998ರಲ್ಲಿ ಸೂಸನ್ ಜಾಬ್ಲಿಂಗ್ ಮತ್ತು ಸಂಗಡಿಗರು ಹಲವು ನದಿಗಳ ರೋಚ್ ಮೀನುಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಕೆಲವು ಘಟಕಗಳ ಕೆಳಗಿನ ಹರಿವಿನಲ್ಲಿ ಹಿಡಿದ ಗಂಡುಗಳೆಲ್ಲವೂ ಅಷ್ಟಿಷ್ಟು ಹೆಣ್ಣಾಗಿದ್ದವು.

ಇಷ್ಟಾದರೂ ಒಂದು ವಾದ ಉಳಿದಿತ್ತು. ಒಂದೆರಡು ಮೊಟ್ಟೆ ಹೊತ್ತರೇನಂತೆ, ಮೀನುಗಳು ಬದುಕಿಯೇ ಇವೆಯಲ್ಲ? ಇದಕ್ಕೆ ಉತ್ತರ ಹುಡುಕಿದ್ದು ಕೆನಡಾದಲ್ಲಿ. ಒಂಟಾರಿಯೊ ಪ್ರಾಂತ್ಯದ ಕಾಡಿನ ನಡುವೆ ಸರೋವರಗಳ ಸಮೂಹವೊಂದನ್ನು 1968ರಿಂದ ಪ್ರಯೋಗಕ್ಕೆಂದೇ ಮೀಸಲಿಡಲಾಗಿದೆ. ಅಲ್ಲಿ ಸರೋವರಗಳಿಗೆ ಹೆಸರಿಗಿಂತ ಸಂಖ್ಯೆಯೇ ಗುರುತು. ಕ್ಯಾರೆನ್ ಕಿಡ್ ಅವರ ತಂಡ 260ನೇ ಸಂಖ್ಯೆಯ ಸರೋವರಕ್ಕೆ 2001ರಿಂದ 2003ರವರೆಗೆ ಮೂರು ಬೇಸಿಗೆ ಎಥಿನೈಲ್ ಈಸ್ಟ್ರಡಯಾಲನ್ನು ಬೆರೆಸಿತು. ಪ್ರಮಾಣ ಲೀಟರಿಗೆ ಐದಾರು ನ್ಯಾನೊಗ್ರಾಂ. ಅಂದರೆ ಹತ್ತು ಲಕ್ಷ ಲೀಟರ್ ನೀರಿಗೆ ಐದಾರು ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿನಷ್ಟೂ ಅಲ್ಲ.

ಅಲ್ಲಿನ ಫ್ಯಾಟ್‌ಹೆಡ್ ಮಿನ್ನೊ ಎಂಬ ಬೆರಳುದ್ದದ ಮೀನುಗಳಲ್ಲಿ ಗಂಡುಗಳ ರಕ್ತ ಮೊಟ್ಟೆಯ ಹಳದಿಯ ಪ್ರೋಟೀನಿನಿಂದ ತುಂಬಿತು. ಹೊರಹೋಗಲು ದಾರಿಯಿಲ್ಲದ ಆ ಪ್ರೋಟೀನು ಮೂತ್ರಪಿಂಡ, ಯಕೃತ್ತುಗಳಿಗೂ ಹೊರೆಯಾಗುತ್ತದೆ. ವೃಷಣಗಳ ಬೆಳವಣಿಗೆ ಕುಂಠಿತವಾಯಿತು, ಮರಿಗಳು ಹುಟ್ಟುವುದು ನಿಂತಿತು. ಈ ಮೀನಿನ ಆಯುಷ್ಯವೇ ಕೆಲವು ವರ್ಷ. ಎರಡು ಋತು ಸಂತಾನ ತಪ್ಪಿದರೆ ವಂಶ ಮುಗಿದಂತೆ. ಕೆಲವೇ ವರ್ಷಗಳಲ್ಲಿ ಸರೋವರದಲ್ಲಿ ಅವು ಕಾಣದಂತಾದವು. ಈ ವರದಿ 2007ರಲ್ಲಿ ಹೊರಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ಈ ಪುಟ್ಟ ಮೀನುಗಳನ್ನು ತಿಂದು ಬದುಕುವ ಲೇಕ್ ಟ್ರೌಟ್ ಅದೇ ಸರೋವರದಲ್ಲಿತ್ತು. ಅದು ದೀರ್ಘಾಯುಷಿ; ಹಾರ್ಮೋನಿನ ನೇರ ಪೆಟ್ಟಿಗೆ ಅಷ್ಟಾಗಿ ಜಗ್ಗಲಿಲ್ಲ. ಆದರೆ ಅದರ ತಟ್ಟೆಯೇ ಖಾಲಿಯಾಗಿತ್ತು. ಟ್ರೌಟ್‌ಗಳು ಬಡವಾದವು, ಅವುಗಳ ಒಟ್ಟು ತೂಕ ಇಳಿಯಿತು. ಅತ್ತ ತಿನ್ನುವವರಿಲ್ಲದೆ ಕೆಲವು ಬಗೆಯ ಹುಳಗಳು ಹೆಚ್ಚಿದವು. ಒಂದು ಮೀನಿಗೆ ಹಾರ್ಮೋನು, ಇನ್ನೊಂದಕ್ಕೆ ಉಪವಾಸ. 2014ರಲ್ಲಿ ಈ ಎರಡನೆಯ ಅಧ್ಯಾಯವೂ ಪ್ರಕಟವಾಯಿತು. ವಿಶೇಷವೆಂದರೆ ಇಂಥ ಪ್ರಯೋಗಗಳು ನಡೆದ ಈ ಸರೋವರ ಕೇಂದ್ರವನ್ನು ಖರ್ಚಿನ ನೆಪದಲ್ಲಿ ಮುಚ್ಚಲು ಕೆನಡಾ ಸರ್ಕಾರ 2012ರಲ್ಲಿ ಹೊರಟಿತ್ತು. ವಿಜ್ಞಾನಿಗಳ ಪ್ರತಿಭಟನೆಯ ನಂತರ 2014ರಲ್ಲಿ ಅದನ್ನು ಬೇರೊಂದು ಸಂಸ್ಥೆ ವಹಿಸಿಕೊಂಡಿತು.

ಸಮಾಧಾನದ ಸಂಗತಿಯೂ ಇದೆ. ಹಾರ್ಮೋನು ಹಾಕುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಅಳಿದುಳಿದ ಮಿನ್ನೊಗಳಿಂದಲೇ ಸಂತತಿ ಮತ್ತೆ ತುಂಬಿಕೊಂಡಿತು. ಇಂಗ್ಲೆಂಡಿನ ರೋಚ್ ಮೀನುಗಳೂ ನಿರ್ವಂಶವಾಗಿಲ್ಲ. ತೀರಾ ಹೆಣ್ಣಾದ ಗಂಡುಗಳು ಸಂತಾನೋತ್ಪತ್ತಿಯಲ್ಲಿ ಹಿಂದೆ ಬೀಳುತ್ತವೆ, ಆದರೆ ಕೊಳಚೆ ಬೆರೆತ ನದಿಗಳಲ್ಲೂ ರೋಚ್ ತನ್ನ ಸಂಖ್ಯೆಯನ್ನು ಉಳಿಸಿಕೊಂಡಿದೆ.

ಹಾಗಾದರೆ ನೀರನ್ನು ಇನ್ನಷ್ಟು ಸೋಸಬಾರದೇ? ಸೋಸಬಹುದು. ಓಝೋನ್ ಅಥವಾ ಇದ್ದಿಲಿನ ಹೆಚ್ಚುವರಿ ಹಂತವೊಂದು ಹಾರ್ಮೋನುಗಳ ಬಹುಪಾಲನ್ನು ತೆಗೆಯುತ್ತದೆ. ಪ್ರಶ್ನೆ ಹಣದ್ದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸುಮಾರು 3,000 ಕೋಟಿ ಪೌಂಡ್ ಬೇಕಾದೀತು ಎಂಬ ಅಂದಾಜು 2012ರಲ್ಲಿ ಚರ್ಚೆಗೆ ಬಂದಾಗ ಹಲವರು ಬೆಚ್ಚಿದರು. ಸ್ವಿಟ್ಜರ್ಲೆಂಡ್ 2016ರಿಂದ ತನ್ನ ಆಯ್ದ ಘಟಕಗಳಿಗೆ ಈ ಹಂತವನ್ನು ಕಡ್ಡಾಯ ಮಾಡಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ನಿಯಮ ಇದರ ವೆಚ್ಚದ ಹೆಚ್ಚಿನ ಪಾಲನ್ನು ಔಷಧ ಮತ್ತು ಸೌಂದರ್ಯವರ್ಧಕ ತಯಾರಕರ ಮೇಲೆ ಹಾಕಿತು. ಔಷಧ ಕಂಪನಿಗಳು 2025ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು.

ಲೀ ನದಿಗೆ ನೀರು ಬಿಡುತ್ತಿದ್ದ ಘಟಕಗಳು ಯಾವ ಕಾನೂನನ್ನೂ ಮುರಿಯಬೇಕಾಗಿರಲಿಲ್ಲ. ಅಂದಿನ ಮಾನದಂಡಗಳಲ್ಲಿ ಹಾರ್ಮೋನಿನ ಲೆಕ್ಕವೇ ಇರಲಿಲ್ಲ. ನಮ್ಮ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರೆದ್ದಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೂಗೂ ಅಂದಿನಿಂದಲೇ ಇದೆ. ವಾದ–ಪ್ರತಿವಾದವೆಲ್ಲ ನಡೆಯುವುದು ನೊರೆ, ಭಾರಲೋಹ, ಸಾರಜನಕ, ರೋಗಾಣುಗಳ ಸುತ್ತ. ಹಾರ್ಮೋನನ್ನು ಅಳೆಯಬೇಕೆಂಬ ನಿಯಮ ನಮ್ಮಲ್ಲಿಲ್ಲ. ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಇಂಗ್ಲೆಂಡಿನವರು ಪಂಜರದ ಮೀನಿನಿಂದ ಮಾಡಿದ ಪರೀಕ್ಷೆಯನ್ನು ಯಾವ ಕೆರೆಯಲ್ಲಾದರೂ ಮಾಡಬಹುದು. ಕರ್ನಾಟಕದ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳು ಹುಟ್ಟುವುದು ಅಂಗುಲ್‌ನಲ್ಲಿ ಆರಂಭವಾದ ಹಾರ್ಮೋನು ಚುಚ್ಚುವ ವಿಧಾನದಿಂದಲೇ. ಅವೂ ರೋಚ್ ಮೀನಿನ ಬಳಗದವೇ.