ಹುಬ್ಬಳ್ಳಿಯ ಪತ್ರಿಕೆಗಳು ಮತ್ತು ಎಣಿಕೆಗೆ ಸಿಗದ ವರದಿಗಾರ

ಹುಬ್ಬಳ್ಳಿ-ಧಾರವಾಡದ ಪತ್ರಿಕೆಗಳ ಚರಿತ್ರೆ ಎಂಬ ಹೆಸರಿನಲ್ಲಿ ಈವರೆಗೆ ಬರೆದದ್ದು ಬಹುಮಟ್ಟಿಗೆ ಸಂಪಾದಕರ ಚರಿತ್ರೆಯೇ ಆಗಿದೆ. ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ ಆರಂಭಿಸಿದ ‘ವಾಗ್ಭೂಷಣ’, ರಂಗನಾಥ ದಿವಾಕರರು 1921ರಲ್ಲಿ ಧಾರವಾಡದಿಂದ ಹೊರಡಿಸಿದ ‘ಕರ್ಮವೀರ’, ಆಲೂರು ವೆಂಕಟರಾಯರ ‘ಜಯಕರ್ನಾಟಕ’, ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೇರುಬಿಟ್ಟ ‘ಸಂಯುಕ್ತ ಕರ್ನಾಟಕ’ ಮತ್ತು ಅದನ್ನು ಬಹುಕಾಲ ನಡೆಸಿದ ಮೊಹರೆ ಹಣಮಂತರಾಯರು, ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’, ಪಾ.ವೆಂ. ಆಚಾರ್ಯರು ರೂಪಿಸಿದ ‘ಕಸ್ತೂರಿ’ ಎಂದು ಈ ಕಥೆ ಹೆಸರಿನಿಂದ ಹೆಸರಿಗೆ ಸಾಗುತ್ತದೆ. ಸ್ವಾತಂತ್ರ್ಯ ಹೋರಾಟ ಮತ್ತು ಏಕೀಕರಣದ ಕಾವಿನಲ್ಲಿ ಹುಟ್ಟಿದ ಪತ್ರಿಕೆಗಳನ್ನು ಅವುಗಳ ಧ್ಯೇಯದಿಂದಲೂ ಆ ಧ್ಯೇಯವನ್ನು ಹೊತ್ತವರಿಂದಲೂ ಗುರುತಿಸುವುದು ಸಹಜವೇ. ಆದರೆ ಆ ಪತ್ರಿಕೆಗಳಿಗೆ ಅಚ್ಚಿನ ಮೊಳೆ ಜೋಡಿಸಿದವರು, ಕರಡು ತಿದ್ದಿದವರು, ಇರುಳಿಡೀ ಡೆಸ್ಕಿನಲ್ಲಿ ಕುಳಿತು ತಂತಿ ಸುದ್ದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದವರು, ನವಲಗುಂದ, ಕುಂದಗೋಳ, ಕಲಘಟಗಿಗಳಿಂದ ಸುದ್ದಿ ಕಳಿಸಿದವರು ಈ ಚರಿತ್ರೆಯಲ್ಲಿ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಪತ್ರಿಕೋದ್ಯಮವನ್ನು ಒಂದು ದುಡಿಮೆಯಾಗಿ ಕಾಣುವ ಅಧ್ಯಯನವು ಡಿಜಿಟಲ್ ಕಾಲದಲ್ಲಿ ಜಗತ್ತಿನಾದ್ಯಂತ ಬಲಗೊಂಡಿರುವಾಗ, ಈ ಅವಳಿನಗರದ ಮಟ್ಟಿಗೆ ಆ ಅಧ್ಯಯನವು ಯಾರಿಂದ ಆರಂಭವಾಗಬೇಕು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಪತ್ರಕರ್ತರ ಕೆಲಸವನ್ನು ಶಾಸ್ತ್ರೀಯವಾಗಿ ಅಭ್ಯಸಿಸಬೇಕೆಂಬ ವಿಚಾರ ಹೊಸದಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1910ರಲ್ಲಿಯೇ ಪತ್ರಿಕೆಗಳ ಸಮಾಜಶಾಸ್ತ್ರಕ್ಕಾಗಿ ದೊಡ್ಡದೊಂದು ಸಂಶೋಧನಾ ಯೋಜನೆಯನ್ನು ಮುಂದಿಟ್ಟಿದ್ದರು. ಅಮೆರಿಕದಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಒಬ್ಬ ಉಪಸಂಪಾದಕನು ತನ್ನ ಮೇಜಿಗೆ ಬಂದ ಸುದ್ದಿಗಳಲ್ಲಿ ಯಾವುದನ್ನು ಒಳಬಿಟ್ಟ, ಯಾವುದನ್ನು ತಡೆದ ಎಂಬುದನ್ನು ಪರಿಶೀಲಿಸಿದರು. 1970ರ ದಶಕದ ಕೊನೆಯ ಹೊತ್ತಿಗೆ ಗೇ ಟಕ್‌ಮನ್ ಮತ್ತು ಹರ್ಬರ್ಟ್ ಗ್ಯಾನ್ಸ್ ಅವರು ಸುದ್ದಿಮನೆಗಳಲ್ಲಿ ದೀರ್ಘಕಾಲ ಕುಳಿತು ಅಲ್ಲಿನ ದಿನಚರಿಯನ್ನು ದಾಖಲಿಸಿದ್ದರು. ಕನ್ನಡ ನಾಡಿನಲ್ಲಿ ಪತ್ರಿಕೋದ್ಯಮದ ಕಲಿಕೆಯೇನೋ ಬೇಗನೆ ಬಂದಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಅದು ಪದವಿಯ ವಿಷಯವಾಯಿತು, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ವಿಭಾಗ ತೆರೆಯಿತು. ಆದರೆ ಈ ತರಗತಿಗಳ ಮೊದಲ ಹೊಣೆ ವರದಿ ಬರೆಯುವುದನ್ನು ಕಲಿಸುವುದಾಗಿತ್ತು. ವರದಿ ಬರೆಯುವವನ ಬದುಕನ್ನು ಅಭ್ಯಸಿಸುವುದು ಬೇರೆಯೇ ಕೆಲಸ.

ಆ ಬದುಕಿನ ನೆಲೆ ಹುಬ್ಬಳ್ಳಿಯಲ್ಲಿ ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ರೈಲ್ವೆ ಜಂಕ್ಷನ್ ಮತ್ತು ಹತ್ತಿಯ ಪೇಟೆ ಎರಡೂ ಆಗಿದ್ದ ಈ ಊರಿನಿಂದ ನಾಲ್ಕೂ ದಿಕ್ಕಿಗೆ ಗಾಡಿಗಳು ಹೊರಡುತ್ತಿದ್ದುದರಿಂದ, ಬೆಳಗಾಗುವುದರೊಳಗೆ ಪತ್ರಿಕೆಯ ಕಟ್ಟುಗಳನ್ನು ಗದಗ, ಹಾವೇರಿ, ಬೆಳಗಾವಿ, ಕಾರವಾರದ ಕಡೆಗೆ ಮುಟ್ಟಿಸುವುದು ಸಾಧ್ಯವಾಗಿತ್ತು. ಅದೇ ಬಸ್ಸು, ರೈಲುಗಳು ಮರಳುವಾಗ ಸುದ್ದಿಯನ್ನೂ ಹೊತ್ತು ತರುತ್ತಿದ್ದವು. ತಾಲೂಕು ಕೇಂದ್ರದ ವರದಿಗಾರನು ಸಂಜೆಯೊಳಗೆ ಕೈಬರಹದಲ್ಲಿ ಸುದ್ದಿ ಬರೆದು, ಕವರಿನಲ್ಲಿಟ್ಟು, ಹುಬ್ಬಳ್ಳಿಯ ಬಸ್ಸಿಗೆ ಒಪ್ಪಿಸುತ್ತಿದ್ದನು. ತುರ್ತಿನ ಸಂಗತಿಯಿದ್ದರೆ ಟ್ರಂಕ್ ಕಾಲ್ ಅಥವಾ ತಂತಿ. ಕಚೇರಿಯಲ್ಲಿ ಉಪಸಂಪಾದಕರು ಅದನ್ನು ತಿದ್ದಿ ಕೊಟ್ಟ ಮೇಲೆ ಕಂಪೋಸಿಟರುಗಳು ನಿಂತುಕೊಂಡೇ ಮೊಳೆ ಜೋಡಿಸುತ್ತಿದ್ದರು. ಒತ್ತಕ್ಷರ, ಗುಣಿತಾಕ್ಷರಗಳಿಗೆ ನೂರಾರು ಬಗೆಯ ಮೊಳೆಗಳು ಬೇಕಾಗುವ ಕನ್ನಡದಲ್ಲಿ ಇದು ಕೈ, ಕಣ್ಣು, ನೆನಪು ಮೂರನ್ನೂ ದಣಿಸುವ ಕೆಲಸವಾಗಿತ್ತು.

ತಾಲೂಕಿನ ಆ ವರದಿಗಾರನು ಪತ್ರಿಕೆಯ ನೌಕರನಾಗಿರುತ್ತಿದ್ದುದು ಅಪರೂಪ. ಆತ ಶಾಲಾ ಮಾಸ್ತರ, ವಕೀಲ, ಕಿರಾಣಿ ಅಂಗಡಿಯವ, ಸಣ್ಣ ಮುದ್ರಣಾಲಯದ ಮಾಲೀಕ ಅಥವಾ ಒಕ್ಕಲುತನದ ಮನೆಯ ಓದಿದ ಮಗ ಆಗಿರಬಹುದಿತ್ತು. ಎಷ್ಟೋ ಊರುಗಳಲ್ಲಿ ಪತ್ರಿಕೆಯ ಏಜೆಂಟನೂ ಅವನೇ, ಜಾಹೀರಾತು ತರುವವನೂ ಅವನೇ. ಪ್ರಕಟವಾದ ಸುದ್ದಿಯನ್ನು ಕಾಲಂ ಲೆಕ್ಕದಲ್ಲಿ ಅಳೆದು ಕೊಡುವ ಅಲ್ಪ ಮೊತ್ತ, ಅಂಚೆ ವೆಚ್ಚ, ಹಾಗೂ ಊರಿನಲ್ಲಿ ‘ಪೇಪರಿನವರು’ ಎಂಬ ಮನ್ನಣೆ ಅವನಿಗೆ ದೊರೆಯುತ್ತಿದ್ದ ಪ್ರತಿಫಲ. 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತರು ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ ಎದ್ದು, ಆ ಬಂಡಾಯವು ಗೋಲಿಬಾರಿಗೆ ಹೋಗಿ, ರಾಜ್ಯದ ರಾಜಕಾರಣದ ದಿಕ್ಕನ್ನೇ ಬದಲಿಸಿತು. ಅಂಥ ಘಟನೆಗಳ ನಂತರ ನಗರದಿಂದ ಹಿರಿಯ ವರದಿಗಾರರು ಬರುತ್ತಾರೆ, ವಿಶ್ಲೇಷಣೆಗಳು ಬರುತ್ತವೆ. ಆದರೆ ಕರದ ನೋಟಿಸು ಬಂದುದು, ತಹಸೀಲ್ದಾರರಿಗೆ ಮನವಿ ಕೊಟ್ಟುದು, ಸಭೆ ಕೂಡಿದುದು ಎಂಬ ಒಂದು ಕಾಲಂ ಸುದ್ದಿಗಳು ತಿಂಗಳುಗಟ್ಟಲೆ ಬರುವುದು ತಾಲೂಕಿನ ಅರೆಕಾಲಿಕ ಕೈಯಿಂದಲೇ. ಉತ್ತರ ಕರ್ನಾಟಕದ ಹಳ್ಳಿಗಳ ಸಮಾಜ ಚರಿತ್ರೆ ಇಂದು ಹಳೆಯ ಪತ್ರಿಕೆಗಳಲ್ಲಿ ಸಿಗುವುದಾದರೆ, ಅದರ ಬಹುಪಾಲು ಹೆಸರಿಲ್ಲದ ಈ ಬರಹಗಾರರ ಋಣ.

ಕಾನೂನು ಇವರನ್ನು ಹೇಗೆ ಕಂಡಿತು ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. ನ್ಯಾಯಮೂರ್ತಿ ರಾಜಾಧ್ಯಕ್ಷರ ಅಧ್ಯಕ್ಷತೆಯ ಮೊದಲ ಪತ್ರಿಕಾ ಆಯೋಗವು 1952ರಿಂದ 1954ರವರೆಗೆ ದೇಶದ ಪತ್ರಿಕೆಗಳ ಒಡೆತನ, ಪ್ರಸಾರ, ಸಂಬಳ, ಕೆಲಸದ ಸ್ಥಿತಿಗಳನ್ನು ಪರಿಶೀಲಿಸಿತು. ಭಾರತದಲ್ಲಿ ಪತ್ರಕರ್ತರ ದುಡಿಮೆಯನ್ನು ಕುರಿತ ಮೊದಲ ವ್ಯಾಪಕ ಅಧ್ಯಯನ ಎಂದು ಅದನ್ನೇ ಕರೆಯಬಹುದು. ಅದರ ಫಲವಾಗಿ ಬಂದ 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಯು ಸತತ ನಾಲ್ಕು ವಾರಗಳಲ್ಲಿ 144 ಗಂಟೆ ಮೀರಿ ದುಡಿಸಬಾರದೆಂದು ವಿಧಿಸಿ, ವೇತನ ಮಂಡಳಿಗಳಿಗೆ ದಾರಿ ಮಾಡಿತು. ಅವುಗಳ ಮುಖ್ಯಸ್ಥರಾದ ಪಾಳೇಕರ್, ಬಚಾವತ್, ಮಣಿಸಾನಾ, ಮಜೀಠಿಯಾ ಎಂಬ ಹೆಸರುಗಳು ಸುದ್ದಿಮನೆಗಳಲ್ಲಿ ಸಂಬಳದ ಪರ್ಯಾಯ ಪದಗಳಾದವು. ಆದರೆ ಕಾರ್ಯನಿರತ ಪತ್ರಕರ್ತ ಎಂದರೆ ಯಾರು? ಪತ್ರಿಕಾ ವೃತ್ತಿಯೇ ಯಾರ ಮುಖ್ಯ ವೃತ್ತಿಯೋ, ಪತ್ರಿಕಾ ಸಂಸ್ಥೆಯಲ್ಲಿ ಯಾರು ಆ ಕೆಲಸಕ್ಕೆ ನೇಮಕಗೊಂಡಿದ್ದಾರೋ ಅವರು ಎಂದು ಕಾಯಿದೆ ಹೇಳಿತು. ಮುಂದೆ ತಿದ್ದುಪಡಿಯಾಗಿ ಅರೆಕಾಲಿಕರೂ ಸೇರಿದರೂ ‘ಮುಖ್ಯ ವೃತ್ತಿ’ ಎಂಬ ಷರತ್ತು ಉಳಿಯಿತು. ಅಂಗಡಿಯ ಅಥವಾ ಹೊಲದ ಆದಾಯದಲ್ಲಿ ಬದುಕುತ್ತ ದಿನಾಲೂ ಸುದ್ದಿ ಕಳಿಸುವವನು ಆ ಷರತ್ತಿನ ಆಚೆಯೇ ನಿಂತನು.

ಪತ್ರಿಕೆಯ ಕೆಲಸಕ್ಕೆ ಕಾನೂನು ಕೊಟ್ಟ ಅರ್ಥದ ಇನ್ನೊಂದು ಪ್ರಕರಣ ಹುಬ್ಬಳ್ಳಿಯದೇ. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’ ಮತ್ತು 1956ರಲ್ಲಿ ಆರಂಭವಾದ ‘ಕಸ್ತೂರಿ’ಯ ಒಡೆತನವಿದ್ದ ಲೋಕಶಿಕ್ಷಣ ಟ್ರಸ್ಟ್ 1935ರಲ್ಲಿ ಸ್ಥಾಪನೆಯಾದಾಗ, ಜನರಿಗೆ ಶಿಕ್ಷಣ ನೀಡುವುದೇ ತನ್ನ ಗುರಿಯೆಂದು ಬರೆದುಕೊಂಡಿತ್ತು, ಹೆಸರೂ ಅದನ್ನೇ ಸಾರುತ್ತದೆ. 1962-63ನೇ ಸಾಲಿನ ಆದಾಯ ತೆರಿಗೆಯ ವಿನಾಯಿತಿ ಕುರಿತ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1975ರಲ್ಲಿ ತೀರ್ಪು ಟ್ರಸ್ಟಿನ ವಿರುದ್ಧ ಬಂದಿತು. ತೆರಿಗೆ ಕಾಯಿದೆಯಲ್ಲಿನ ಶಿಕ್ಷಣವೆಂದರೆ ಕ್ರಮಬದ್ಧ ಬೋಧನೆ. ಪತ್ರಿಕೆ ಓದುವುದರಿಂದ ತಿಳಿವಳಿಕೆ ಹೆಚ್ಚಬಹುದಾದರೂ ಅದು ಈ ಅರ್ಥದ ಶಿಕ್ಷಣವಲ್ಲ. ಪತ್ರಿಕಾ ಪ್ರಕಟಣೆ ಇಲ್ಲಿ ಲಾಭದ ಚಟುವಟಿಕೆಯಾಗಿದೆ ಎಂಬುದು ತೀರ್ಪಿನ ಸಾರ. ದೇಶದ ತೆರಿಗೆ ಕಾನೂನಿನ ಪಠ್ಯಗಳಲ್ಲಿ ಹುಬ್ಬಳ್ಳಿಯ ಈ ಟ್ರಸ್ಟಿನ ಹೆಸರು ಇಂದಿಗೂ ಓದಲ್ಪಡುತ್ತದೆ, 2022ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಶಿಕ್ಷಣದ ಆ ವ್ಯಾಖ್ಯೆಯನ್ನು ಎತ್ತಿಹಿಡಿದಿದೆ. ಆದರೆ ಪತ್ರಿಕಾ ದುಡಿಮೆಯ ಚರಿತ್ರೆಕಾರರು ಈ ಮೊಕದ್ದಮೆಯನ್ನು ಗಮನಿಸಿದ್ದು ಕಡಿಮೆ. ಸೇವೆಯೆಂದು ಸಾರಿಕೊಂಡ ಸಂಸ್ಥೆಯ ಒಳಗೆ ದುಡಿದವರ ಕೆಲಸ ಸೇವೆಯೋ ಉದ್ಯೋಗವೋ ಎಂಬ ಪ್ರಶ್ನೆ ಇಲ್ಲಿ ನೇರವಾಗಿ ಎದುರಾಗುತ್ತದೆ. ತಾಲೂಕು ವರದಿಗಾರನಿಗೆ ಕಡಿಮೆ ಸಂಭಾವನೆ ಕೊಡುವುದನ್ನು ಬಹುಕಾಲ ಸಮರ್ಥಿಸಿದ್ದು ಈ ಸೇವೆಯ ಮಾತೇ.

1999ರಲ್ಲಿ ಹುಬ್ಬಳ್ಳಿಯ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ವನ್ನು ಆರಂಭಿಸಿದ ಮೇಲೆ ಬೆಲೆಯ ಪೈಪೋಟಿ, ಹಲವು ಆವೃತ್ತಿ, ಜಿಲ್ಲೆಗೊಂದು ಪುಟ ಎಂಬ ಪದ್ಧತಿ ಎಲ್ಲ ಪತ್ರಿಕೆಗಳಿಗೂ ಅನಿವಾರ್ಯವಾಯಿತು. ಆ ಪತ್ರಿಕೆ 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. 2012ರಲ್ಲಿ ಸಂಕೇಶ್ವರರದೇ ‘ವಿಜಯವಾಣಿ’ ಬಂದಿತು. ಜಿಲ್ಲಾ ಪುಟವನ್ನು ದಿನವೂ ತುಂಬಿಸಲು ತಾಲೂಕು, ಹೋಬಳಿಗಳ ಸುದ್ದಿ ಹಿಂದೆಂದಿಗಿಂತ ಹೆಚ್ಚು ಬೇಕಾಯಿತು. ಈ ಕಾಲದ ಕನ್ನಡ ಮತ್ತು ಇಂಗ್ಲಿಷ್ ಸುದ್ದಿಮನೆಗಳನ್ನು ಒಳಹೊಕ್ಕು ನೋಡಿದ ಮಹತ್ವದ ಕೃತಿ ಸಹನಾ ಉಡುಪ ಅವರದು, 2015ರಲ್ಲಿ ಪ್ರಕಟವಾದದ್ದು. ಅದರ ಕ್ಷೇತ್ರ ಬೆಂಗಳೂರು. ಹುಬ್ಬಳ್ಳಿಯಂಥ ಎರಡನೆಯ ಕೇಂದ್ರದಲ್ಲಿ, ಆವೃತ್ತಿ ಕಚೇರಿ ಮತ್ತು ತಾಲೂಕಿನ ನಡುವೆ ಸುದ್ದಿ ಹೇಗೆ ಸಾಗುತ್ತದೆ ಎಂಬುದಕ್ಕೆ ಅದೇ ಬಗೆಯ ತಾಳ್ಮೆಯ ಅಧ್ಯಯನ ಬೇಕಾಗಿದೆ.

ಅಷ್ಟರಲ್ಲಿ ಅಧ್ಯಯನದ ವಸ್ತುವೇ ಜಾಗ ಬದಲಿಸಿದೆ. ಸುದ್ದಿಮನೆಯೊಳಗೆ ಕುಳಿತು ನೋಡುವ ಹಳೆಯ ವಿಧಾನಕ್ಕೆ ಒಂದು ಮನೆ ಇರಬೇಕು. ಇಂದಿನ ತಾಲೂಕು ವರದಿಗಾರನ ಸುದ್ದಿಮನೆ ಅವನ ಮೊಬೈಲು. ಫೋಟೊ, ವಿಡಿಯೊ, ಬರಹ, ಪೊಲೀಸ್ ಪ್ರಕಟಣೆ, ಡೆಸ್ಕಿನ ಸೂಚನೆ ಎಲ್ಲವೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದು ಹೋಗುತ್ತವೆ, ಒಂದೇ ಘಟನೆಗೆ ಪತ್ರಿಕೆಗೂ ಜಾಲತಾಣಕ್ಕೂ ಬೇರೆ ಬೇರೆ ರೂಪ ಕೊಡಬೇಕಾಗುತ್ತದೆ, ಬಸ್ಸು ಹೊರಟರೆ ಮುಗಿಯುತ್ತಿದ್ದ ದಿನ ಈಗ ಮುಗಿಯುವುದಿಲ್ಲ. ಹೀಗಾಗಿ ಸಂಶೋಧಕರು ಸಂದರ್ಶನ, ದಿನಚರಿ ಟಿಪ್ಪಣಿ, ಸಂದೇಶಗಳ ಪರಿಶೀಲನೆ, ದೊಡ್ಡ ಸಮೀಕ್ಷೆಗಳತ್ತ ಹೊರಳಿದ್ದಾರೆ. ಮ್ಯೂನಿಕ್ಕಿನ ಥಾಮಸ್ ಹಾನಿಟ್ಷ್ ಮೊದಲಾದವರು ಸಂಘಟಿಸಿದ ‘ವರ್ಲ್ಡ್ಸ್ ಆಫ್ ಜರ್ನಲಿಸಂ’ ಸಮೀಕ್ಷೆಯು 2012ರಿಂದ 2016ರ ಸುತ್ತಿನಲ್ಲಿ ಭಾರತವೂ ಸೇರಿ 67 ದೇಶಗಳ 27,500ಕ್ಕೂ ಹೆಚ್ಚು ಪತ್ರಕರ್ತರನ್ನು ಮಾತಾಡಿಸಿತು. ಅಲ್ಲಿ ಪತ್ರಕರ್ತನೆಂದರೆ ಆದಾಯದ ಕನಿಷ್ಠ ಅರ್ಧವನ್ನು ಸುದ್ದಿಯ ಕೆಲಸದಿಂದ ಗಳಿಸುವವನು. ದೇಶದೇಶಗಳನ್ನು ಹೋಲಿಸಲು ಅಂಥದೊಂದು ಗೆರೆ ಬೇಕೆಂಬುದು ನಿಜ. ಆದರೆ 1955ರ ಕಾಯಿದೆಯಿಂದ ಹೊರಗುಳಿದವನೇ ಈ ಗೆರೆಯಿಂದಲೂ ಹೊರಗುಳಿಯುತ್ತಾನೆ.

ಅವನ ಬರಹದ ಕುರುಹುಗಳೂ ಅಳಿಯುತ್ತಿವೆ. ಶ್ರೀನಿವಾಸ ಹಾವನೂರರು ‘ಹೊಸಗನ್ನಡದ ಅರುಣೋದಯ’ಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕನ್ನಡ ಪತ್ರಿಕೆಗಳನ್ನು ಹುಡುಕಿ ಓದಬಲ್ಲವರಾದುದು ಆ ಕಾಗದ ಎಲ್ಲೋ ಉಳಿದಿದ್ದುದರಿಂದ. ಗಣಕಯಂತ್ರ ಬಂದ ಮೇಲಿನ ಎರಡು ದಶಕಗಳ ಕನ್ನಡ ಪುಟಗಳಾದರೋ ಬಹುಮಟ್ಟಿಗೆ ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸಗಳಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸಿದ ವ್ಯವಸ್ಥೆಯಲ್ಲಿ ಸಿದ್ಧವಾದವು. ಪುಟದ ಕಡತ ಉಳಿದಿದ್ದರೂ ಅದರಲ್ಲಿ ‘ನವಲಗುಂದ’ ಎಂದು ಹುಡುಕಿದರೆ ಯಂತ್ರಕ್ಕೆ ಆ ಪದ ಕಾಣುವುದಿಲ್ಲ, ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನ ತಪ್ಪುತ್ತವೆ. ವಾಟ್ಸ್‌ಆ್ಯಪಿನಲ್ಲಿ ಹೋದ ಮೂಲ ಬರಹವಂತೂ ಮೊಬೈಲು ಬದಲಾದಾಗ ಹೋಗಿಬಿಡುತ್ತದೆ. ಡೆಸ್ಕು ಏನನ್ನು ಕಡಿಯಿತು, ಏನನ್ನು ಸೇರಿಸಿತು ಎಂಬುದನ್ನು ಮೂಲದ ಜೊತೆ ಇಟ್ಟು ನೋಡುವ ಅವಕಾಶ ಅದರೊಂದಿಗೇ ಇಲ್ಲವಾಗುತ್ತದೆ.

2020ರ ಕಾರ್ಮಿಕ ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 1955ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು, ವಿದ್ಯುನ್ಮಾನ ಮಾಧ್ಯಮ ಮತ್ತು ಡಿಜಿಟಲ್ ಮಾಧ್ಯಮದಲ್ಲಿ ದುಡಿಯುವವರನ್ನೂ ಕಾರ್ಯನಿರತ ಪತ್ರಕರ್ತರೆಂದು ಗುರುತಿಸಿದೆ; ‘ಮುಖ್ಯ ವೃತ್ತಿ’ಯ ಷರತ್ತನ್ನು ಹಾಗೆಯೇ ಉಳಿಸಿಕೊಂಡಿದೆ. ಆದ್ದರಿಂದ ಧಾರವಾಡ ಜಿಲ್ಲೆಯಲ್ಲಿ ಈ ಅಧ್ಯಯನವನ್ನು ಕೈಗೊಳ್ಳುವವರು ಕಾನೂನಿನ ಪಟ್ಟಿಯಿಂದಾಗಲಿ ಸಂಸ್ಥೆಗಳ ಸಂಬಳದ ಪುಸ್ತಕದಿಂದಾಗಲಿ ಆರಂಭಿಸಿದರೆ ಸಾಲದು. ಒಂದು ದಿನದ ಜಿಲ್ಲಾ ಪುಟವನ್ನು ಮುಂದಿಟ್ಟುಕೊಂಡು, ಅದರ ಪ್ರತಿಯೊಂದು ಸುದ್ದಿಯೂ ಯಾವ ಊರಿನಿಂದ, ಯಾರ ಕೈಯಿಂದ, ಎಷ್ಟು ಹೊತ್ತಿಗೆ, ಯಾವ ಸಂಭಾವನೆಗೆ ಬಂದಿತೆಂದು ಹಿಂದಕ್ಕೆ ಹೋಗಿ ಕೇಳಬೇಕು; ಬಸ್ಸಿನ ಕವರಿನ ಕಾಲದಲ್ಲಿ ಬರೆದು ಈಗ ವಯಸ್ಸಾಗಿರುವ ವರದಿಗಾರರಿಂದ ಅದೇ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರಗಳನ್ನು, ಅವರ ಮನೆಗಳಲ್ಲಿ ಇನ್ನೂ ಉಳಿದಿರುವ ಕತ್ತರಿಕೆಗಳನ್ನು, ಸಂಭಾವನೆಯ ರಸೀದಿಗಳನ್ನು ಸಂಗ್ರಹಿಸಬೇಕು.