ಕಣ್ಣ ಮೇಲೆ ಉಣ್ಣೆ, ಕಣ್ಣಿಗೆ ಮಣ್ಣು

ದಡ್ಡಿ ಅಂದರೆ ಕುರಿ ಕೂಡಿಹಾಕುವ ಜಾಗ. ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರಿಗೆ ಉಣ್ಣೆ, ಕಂಬಳಿ ಹೊಸದಲ್ಲ. ಇಂಗ್ಲಿಷಿನಲ್ಲಿ ಉಣ್ಣೆಯ ಮೇಲೊಂದು ಮಾತಿದೆ: 'ಪುಲ್ ದಿ ವುಲ್ ಓವರ್ ಸಮ್‌ಒನ್ಸ್ ಐಸ್'. ಅಂದರೆ ಒಬ್ಬರ ಕಣ್ಣ ಮೇಲೆ ಉಣ್ಣೆ ಎಳೆಯುವುದು. 1830ರ ದಶಕದ ಅಮೆರಿಕದ ಪತ್ರಿಕೆಗಳಲ್ಲೇ ಈ ಮಾತು ಸಿಗುತ್ತದೆ. ನಾವು ಇದಕ್ಕೆ 'ಕಣ್ಣಿಗೆ ಮಣ್ಣೆರಚು' ಅನ್ನುತ್ತೇವೆ. ತಿಳಿಯದೆ ತಪ್ಪು ಹೇಳಿದವರಿಗೆ ಈ ಮಾತು ಸಲ್ಲದು. ಗೊತ್ತಿದ್ದೇ ನಂಬಿಸಿ ಮೋಸ ಮಾಡಿದವರಿಗೆ ಮಾತ್ರ ಸಲ್ಲುತ್ತದೆ.

ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದನ್ನು ಬಳಸಿ ನೋಡೋಣ.

'ಕಿತ್ತೂರಿನವರು ಕಂಪನಿಯ ಕಣ್ಣಿಗೆ ಮಣ್ಣೆರಚಿದರು.' 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ದತ್ತಕದ ಪತ್ರವೇ ಖೊಟ್ಟಿ ಎಂಬುದು ಅವನ ಅನುಮಾನ. ವಾರಸುದಾರ ಇಲ್ಲವೆಂದಾದರೆ ಸಂಸ್ಥಾನ ಹೋಗುತ್ತಿದ್ದದ್ದು ಕಂಪನಿಗೇ. ಹಾಗಾಗಿ ಇದನ್ನು ಆರೋಪ ಅಂತಲೇ ಬರೆಯಬೇಕು.

'ಕಂಪನಿ ಚೆನ್ನಮ್ಮನ ಕಣ್ಣಿಗೆ ಮಣ್ಣೆರಚಿತು.' ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಎಲಿಯಟ್, ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಯಾದರು. ಅವರನ್ನು ಬಿಟ್ಟರೆ ಯುದ್ಧ ನಿಲ್ಲುತ್ತದೆ ಎಂದು ಆಯುಕ್ತ ಚಾಪ್ಲಿನ್ ಮಾತು ಕೊಟ್ಟಿದ್ದ ಅನ್ನುತ್ತದೆ ಕಿತ್ತೂರಿನ ಇತಿಹಾಸ. ರಾಣಿ ಅವರನ್ನು ಬಿಟ್ಟಳು. ಯುದ್ಧ ಮಾತ್ರ ನಿಲ್ಲಲಿಲ್ಲ. ದಂಡು ಸೇರಿಸಿಕೊಂಡು ಬಂದ ಕಂಪನಿ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಹಿಡಿಯಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಈ ವಾಕ್ಯ ನಿಲ್ಲುತ್ತದೆ, ಯಾಕೆಂದರೆ ಕೊಟ್ಟ ಮಾತೂ ಮುರಿದ ಮಾತೂ ಎರಡೂ ಕಣ್ಣ ಮುಂದಿವೆ.

'ನಂಬಿದವರೇ ರಾಯಣ್ಣನ ಕಣ್ಣಿಗೆ ಮಣ್ಣೆರಚಿದರು.' ಕಾಡಿನ ಹಾದಿಯಲ್ಲಿ ಕಂಪನಿಯ ಸೈನ್ಯವನ್ನು ಕಾಡಿದ ಸಂಗೊಳ್ಳಿ ರಾಯಣ್ಣ 1830ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದದ್ದು ಜೊತೆಗಾರರ ಮೋಸದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈಗ ಮೊಬೈಲಿಗೆ ದಿನವೂ 'ಮೋಸ, ಮೋಸ' ಎಂಬ ಸಂದೇಶ ಬರುತ್ತವೆ. ಮುಂದೆ ಕಳಿಸುವ ಮೊದಲು ನಾವೆಲ್ಲ ಮೂರು ಪ್ರಶ್ನೆ ಕೇಳೋಣ: ಏನೆಂದು ನಂಬಿಸಿದರು? ಅವರಿಗೆ ನಿಜ ಗೊತ್ತಿತ್ತೇ? ಲಾಭ ಯಾರಿಗಾಯಿತು? ಉತ್ತರ ಸಿಗದಿದ್ದರೆ ಅದು ಥ್ಯಾಕರೆಯ ಅನುಮಾನದಂಥದ್ದೇ.