ಗಾಲಿ ಮೇಲಿನ ಮನೆ: ಕೊಳ್ಳೋದೋ ಬಿಡೋದೋ?

ಕಳೆದ ಚಳಿಗಾಲದ ಒಂದು ಶುಕ್ರವಾರ, ಹಳೆ ಕೇಬಲ್ ಡ್ರಮ್ ಹುಡುಕಿಕೊಂಡು ಬರ್ಕಾ ಕಡೆಯ ಒಂದು ಸ್ಕ್ರ್ಯಾಪ್ ಯಾರ್ಡಿಗೆ ಹೋಗಿದ್ದೆ. ಅಲ್ಲಿ ತುಕ್ಕು ಹಿಡಿದ ನೀರಿನ ಟ್ಯಾಂಕರುಗಳ ಹಿಂದೆ ಅದು ನಿಂತಿತ್ತು. ಇಪ್ಪತ್ತೆರಡು ಅಡಿ ಉದ್ದದ ಹಳೆ ಕ್ಯಾರವಾನ್. ಅಲ್ಯೂಮಿನಿಯಂ ಮೈ, ದುಂಡನೆ ಮೂಲೆಗಳು, ನಾಲ್ಕು ಗಾಲಿ, ನಾಲ್ಕೂ ಪಂಕ್ಚರ್. ಬಾಗಿಲ ಪಕ್ಕದ ತಗಡಿನ ಪಟ್ಟಿಯಲ್ಲಿ 1975 ಎಂದು ಓದೋಕಾಗುವಷ್ಟು ಉಳಿದಿತ್ತು. ಎಣ್ಣೆ ಬಾವಿ ಕ್ಯಾಂಪಿನಿಂದ ಹರಾಜಿನಲ್ಲಿ ಬಂದದ್ದು ಅಂತ ಯಾರ್ಡಿನವರು ಹೇಳಿದರು. ಬೆಲೆ 350 ರಿಯಾಲ್.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದನ್ನು ಕೊಂಡು, ರಿಪೇರಿ ಮಾಡಿ, ರಾಜ್ಯೋತ್ಸವದ ದಿನ ನಮ್ಮ ಕೂಟದ ಅಂಗಳದಲ್ಲಿ ನಿಲ್ಲಿಸಿ, ‘ನಮ್ಮ ಹಿರಿಯರು ಒಮಾನಿನಲ್ಲಿ ಬಾಳಿದ ಮನೆ’ ಅಂತ ಬೋರ್ಡ್ ಹಾಕಿದರೆ ಹೇಗೆ? ಗೆಳೆಯರಿಬ್ಬರು ಪಾಲು ಹಾಕೋಕೆ ಒಪ್ಪಿದರು. ಆದರೆ ಬೋರ್ಡ್ ಬರೆಯೋ ಮೊದಲು ಅದರ ಚರಿತ್ರೆ ತಿಳಿಯಬೇಕಲ್ಲ? ಹಾಗೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಐಟಿಐ ಕಲಿತ ಎಲೆಕ್ಟ್ರೀಷಿಯನ್. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಒಂಟೆಯಿಂದ ಗಾಲಿಗೆ

ಕ್ಯಾರವಾನ್ ಅನ್ನೋದು ಮೂಲದಲ್ಲಿ ಪರ್ಷಿಯನ್ ಮಾತು. ಗುಂಪು ಕಟ್ಟಿಕೊಂಡು ದೂರ ಹೋಗುವ ಪ್ರಯಾಣಿಕರ ಸಾಲಿಗೆ ಆ ಹೆಸರು. ಒಮಾನಿಗೆ ಅದು ಹೊಸದಲ್ಲ. ಧೋಫಾರಿನ ಲೋಬಾನ ಒಂಟೆಗಳ ಮೇಲೆ ಮರುಭೂಮಿ ದಾಟಿದ್ದು ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಆ ದಾರಿಯ ಶಿಸರ್, ಖೋರ್ ರೋರಿ, ಅಲ್ ಬಲೀದ್ ಮತ್ತು ಲೋಬಾನದ ಮರಗಳಿರುವ ವಾದಿ ದೌಕಾ 2000ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಸಲಾಲಾಕ್ಕೆ ಹೋದವರು ನೋಡಿರುತ್ತೀರಿ.

ಗಾಲಿ ಮೇಲಿನ ಮನೆ ಬಂದದ್ದು ಇಂಗ್ಲೆಂಡಿನಿಂದ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಡಾಕ್ಟರು ಕುದುರೆ ಎಳೆಯುವ ‘ವಾಂಡರರ್’ ಎಂಬ ಗಾಡಿ ಮನೆ ಮಾಡಿಸಿ ಮೋಜಿಗಾಗಿ ದೇಶ ಸುತ್ತಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಎಕಲ್ಸ್ ಕಂಪನಿ ಮೋಟಾರು ಎಳೆಯುವ ಕ್ಯಾರವಾನುಗಳನ್ನು ಮಾರಾಟಕ್ಕೆ ತಯಾರಿಸತೊಡಗಿತು. ಅಮೆರಿಕದಲ್ಲಿ 1936ರಲ್ಲಿ ಏರ್‌ಸ್ಟ್ರೀಮ್‌ನವರು ವಿಮಾನದ ಹಾಗೆ ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆದ ‘ಕ್ಲಿಪ್ಪರ್’ ತಂದರು. 1959ರಲ್ಲಿ ಆ ಗಾಡಿಗಳ ದೊಡ್ಡ ಸಾಲೇ ಕೇಪ್‌ಟೌನಿನಿಂದ ಕೈರೋವರೆಗೆ ಹೋಯಿತು. ಈಗಲೂ ಹಳೆಯದನ್ನು ಹುಡುಕಿ, ಉಜ್ಜಿ, ಕನ್ನಡಿ ಹಾಗೆ ಹೊಳೆಯಿಸುವವರು ಲೋಕದ ತುಂಬ ಇದ್ದಾರೆ. ನಮ್ಮ ಪಕ್ಕದ ಅಬುಧಾಬಿಯ ದಕ್ಷಿಣಕ್ಕಿರುವ ಶೇಖ್ ಹಮದ್ ಅವರ ಮೋಟಾರು ಮ್ಯೂಸಿಯಮ್ಮಿನಲ್ಲಂತೂ ಭೂಗೋಳದ ಆಕಾರದ ಭಾರಿ ಕ್ಯಾರವಾನೇ ಇದೆ.

ನಮಗೂ ಇದು ಹೊಸದಲ್ಲ ಬಿಡಿ. ನಮ್ಮ ರಾಣೆಬೆನ್ನೂರು ಕಡೆ ಅಜ್ಜನವರು ಕೊಲ್ಲಾರಿ ಬಂಡಿ ಕಟ್ಟಿಕೊಂಡು ಮೈಲಾರ ಜಾತ್ರೆಗೆ ಹೋದರೆ ಅಡಿಗೆ ಬಂಡಿ ಪಕ್ಕದಲ್ಲೇ, ನಿದ್ದೆ ಬಂಡಿ ಒಳಗೇ.

ಎಣ್ಣೆ ಹುಡುಕಿದ ದಾರಿ

ಒಮಾನಿನಲ್ಲಿ ಈ ಗಾಡಿಗಳ ಕಥೆ ಎಣ್ಣೆಯ ಕಥೆಗೆ ಕಟ್ಟಿದೆ. 1937ರಲ್ಲಿ ಸುಲ್ತಾನ್ ಸೈದ್ ಬಿನ್ ತೈಮೂರ್ ಇರಾಕ್ ಪೆಟ್ರೋಲಿಯಂ ಕಂಪನಿಗೆ ಎಣ್ಣೆ ಹುಡುಕುವ ಹಕ್ಕು ಕೊಟ್ಟರು. 1954ರಲ್ಲಿ ಒಂದು ತಂಡ ಸಮುದ್ರದ ಮೂಲಕ ದುಕ್ಮ್‌ನಲ್ಲಿ ಇಳಿದು, ಮರುಭೂಮಿಯೊಳಗೆ ನುಗ್ಗಿ ಫಹೂದ್ ಮುಟ್ಟಿತು. 1956ರಲ್ಲಿ ಅಲ್ಲಿ ಮೊದಲ ಬಾವಿ ಕೊರೆಯಲು ಶುರು ಮಾಡಿದರು. ಎಣ್ಣೆ ಸಿಗಲಿಲ್ಲ. 1960ರಲ್ಲಿ ಪಾಲುದಾರರು ಹೆಚ್ಚಿನವರು ಕೈ ತೊಳೆದುಕೊಂಡು ಹೋದರು. ಉಳಿದದ್ದು ಶೆಲ್ ಮತ್ತು ಪಾರ್ಟೆಕ್ಸ್ ಎರಡೇ. 1962ರಲ್ಲಿ ಇಬಾಲ್‌ನಲ್ಲಿ, 1963ರಲ್ಲಿ ನತೀಹ್‌ನಲ್ಲಿ, 1964ರಲ್ಲಿ ಅದೇ ಫಹೂದ್‌ನಲ್ಲಿ ಎಣ್ಣೆ ಸಿಕ್ಕಿತು. ಫಹೂದಿನ ಎಣ್ಣೆ ಇದ್ದದ್ದು ಮೊದಲ ಬಾವಿಯಿಂದ ಕೆಲವು ನೂರು ಮೀಟರ್ ದೂರದಲ್ಲೇ!

ಆಮೇಲೆ ಸುಮಾರು 280 ಕಿಲೋಮೀಟರ್ ಪೈಪ್‌ಲೈನ್ ಸಮಾಯಿಲ್ ಕಣಿವೆಯ ಮೂಲಕ ಮೀನಾ ಅಲ್ ಫಹಲ್ ಬಂದರಿಗೆ ಬಂತು. 1967ರ ಜುಲೈ 27ರಂದು ಮೊದಲ ಹಡಗು ಎಣ್ಣೆ ತುಂಬಿಕೊಂಡು ಹೊರಟಿತು: 5,43,800 ಬ್ಯಾರೆಲ್, ಬ್ಯಾರೆಲ್ಲಿಗೆ 1.42 ಡಾಲರ್.

ಈ ಕೆಲಸದ ಸ್ವಭಾವ ನೋಡಿ. ಭೂಮಿಯೊಳಗಿನ ಪದರ ಪರೀಕ್ಷೆ ಮಾಡುವ ತಂಡ ಇವತ್ತು ಇಲ್ಲಿ, ಮುಂದಿನ ವಾರ ಮೂವತ್ತು ಕಿಲೋಮೀಟರ್ ಆಚೆ. ಬಾವಿ ಕೊರೆಯುವವರೂ ಒಂದು ಬಾವಿ ಮುಗಿದ ಕೂಡಲೇ ರಿಗ್ ಕಿತ್ತು ಹೊರಡಬೇಕು. ಇಟ್ಟಿಗೆ ಮನೆ ಕಟ್ಟಿ ಏನು ಮಾಡೋದು? ಅದಕ್ಕೇ ಗಾಲಿ ಮನೆ. ಆಫೀಸು, ಅಡಿಗೆಮನೆ, ದವಾಖಾನೆ ಎಲ್ಲಾ ಲಾರಿ ಹಿಂದೆ. ಜೊತೆಗೆ ಜನರೇಟರ್, ನೀರಿನ ಟ್ಯಾಂಕರ್. ಗಾಲಿ ಹೋಗಿ ಪೋರ್ಟಾ ಕ್ಯಾಬಿನ್ ಬಂದರೂ ನಾವಿನ್ನೂ ಅದಕ್ಕೆ ‘ಕ್ಯಾರವಾನ್’ ಅಂತಲೇ ಅನ್ನುತ್ತೇವೆ.

ಹೊರಗಿನ ಒಮಾನ್ ಆಗ ಹೇಗಿತ್ತು? 1970ರಲ್ಲಿ ಸುಲ್ತಾನ್ ಖಾಬೂಸ್ ಗದ್ದುಗೆ ಏರಿದಾಗ ಇಡೀ ದೇಶದಲ್ಲಿ ಡಾಂಬರು ರಸ್ತೆ ಹತ್ತು ಕಿಲೋಮೀಟರ್, ಶಾಲೆ ಮೂರು. ಮಸ್ಕತ್ ಕೋಟೆಯ ಬಾಗಿಲು ರಾತ್ರಿ ಮುಚ್ಚಿದ ಮೇಲೆ ಲಾಟೀನು ಹಿಡಿಯದೆ ಓಡಾಡುವ ಹಾಗಿರಲಿಲ್ಲ. ನಮ್ಮ ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿ ದೀಪ ಹೊತ್ತಿಸಿದ್ದು 1905ರಲ್ಲಿ. ಈಗ ನಾವು ಮಸ್ಕತ್ತಿನ ಬೀದಿ ದೀಪ ರಿಪೇರಿ ಮಾಡುವಾಗ ಈ ಮಾತು ನೆನಪಿರಲಿ. ಅರವತ್ತೈದು ವರ್ಷದ ಆ ಅಂತರವನ್ನು ತುಂಬಿದ ಕೈಗಳಲ್ಲಿ ನಮ್ಮ ಹಿರಿಯರ ಕೈಗಳೂ ಇವೆ.

ನಮ್ಮವರು ಬಂದ ದಾರಿ

ನಮ್ಮ ನಾಡಿಗೂ ಮಸ್ಕತ್ತಿಗೂ ನಂಟು ಹಳೆಯದು. ಮಂಗಳೂರಿನ ಅಕ್ಕಿ, ಮೆಣಸು, ಗಂಧ ಇಲ್ಲಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. 1959ರಲ್ಲಿ ಗಲ್ಫಿಗೆಂದೇ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ರೂಪಾಯಿ ನೋಟು ಹೊರಡಿಸಿತು. ಒಮಾನಿನಲ್ಲಿ ಅದು 1970ರವರೆಗೂ ನಡೆಯಿತು.

ಕೆಲಸಕ್ಕೆ ಬಂದವರು ಮುಂಬಯಿಯಿಂದ ಹಡಗು ಹತ್ತಿದರು. ಬ್ರಿಟಿಷ್ ಇಂಡಿಯಾ ಕಂಪನಿಯ ಆ ಹಡಗುಗಳಲ್ಲಿ ‘ದಾರಾ’ ಅನ್ನೋದು 1961ರ ಏಪ್ರಿಲ್‌ನಲ್ಲಿ ದುಬೈ ಹತ್ತಿರ ಸ್ಫೋಟವಾಗಿ ಮುಳುಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೊನೆಯ ಹಡಗು ‘ದ್ವಾರಕಾ’ ನಿಂತದ್ದು 1982ರಲ್ಲಿ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ರಸ್ತೆ, ಬಂದರು, ಆಸ್ಪತ್ರೆ, ಕರೆಂಟು ಅಂತ ಎಲ್ಲದಕ್ಕೂ ಜನ ಬೇಕಾಯಿತು. ಆಗ ಬಂದವರಲ್ಲಿ ಉಡುಪಿ ಕಡೆಯ ಒಬ್ಬ ಫೋರ್ಮನ್ ಅಣ್ಣ, ನಮ್ಮ ಕೂಟದಲ್ಲಿ ಎಲ್ಲರಿಗೂ ಬೇಕಾದವರು. ದ್ವಾರಕಾದ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಬಂದವರು. ಅವರನ್ನು ಕರೆದುಕೊಂಡು ಮತ್ತೆ ಯಾರ್ಡಿಗೆ ಹೋದೆ.

ಸ್ಕ್ರೂಡ್ರೈವರ್ ಹೇಳಿದ್ದು

ಮೊದಲು ಕೆಲಸದ ಮಾತು. ಹಳೆ ಕ್ಯಾರವಾನ್ ಕೊಳ್ಳುವವರು ಮೈ ಹೊಳಪು ನೋಡಬಾರದು, ಕೆಳಗೆ ಮಲಗಿ ನೋಡಬೇಕು. ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದೆ. ಎರಡು ಕಡೆ ಒಳಗೇ ಹೋಯಿತು. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದ್ದು, ಮಧ್ಯೆ ಉಪ್ಪಿನ ತೇವ ಸೇರಿದರೆ ಅದೇ ಒಂದು ಸಣ್ಣ ಬ್ಯಾಟರಿ ಆಗಿ ಅಲ್ಯೂಮಿನಿಯಂ ತಿಂದು ಹಾಕುತ್ತದೆ. ಬರ್ಕಾ ಕಡಲ ಗಾಳಿಗೆ ರಿವೆಟ್ ಸಾಲಿನ ಕೆಳಗೆಲ್ಲಾ ಬಿಳಿ ಪುಡಿ ಎದ್ದಿತ್ತು. ನೆಲದ ಪ್ಲೈವುಡ್ ಬಾಗಿಲ ಹತ್ತಿರ ಹಪ್ಪಳದ ಹಾಗೆ ಪದರ ಬಿಟ್ಟಿತ್ತು.

ವೈರಿಂಗಿಗೆ 500 ವೋಲ್ಟಿನ ಮೆಗ್ಗರ್ ಹಚ್ಚಿದೆ. ಕನಿಷ್ಠ ಒಂದು ಮೆಗಾಓಮ್ ಬರಬೇಕು, ಬಂದದ್ದು 0.02. ಅರ್ಥಿಂಗ್ ವೈರೂ ತುಂಡಾಗಿತ್ತು. ತಗಡಿನ ಮೈ, ರಬ್ಬರ್ ಗಾಲಿ, ಅರ್ಥಿಂಗ್ ಇಲ್ಲ. ಅಂಥದ್ದಕ್ಕೆ 240 ವೋಲ್ಟ್ ಕೊಟ್ಟರೆ ಬಾಗಿಲ ಹಿಡಿ ಮುಟ್ಟಿದವನ ಗತಿ ಏನು? ಹೊಸ ವೈರಿಂಗು, ಅರ್ಥಿಂಗು, 30 ಮಿಲಿಆಂಪಿನ ಇಎಲ್‌ಸಿಬಿ ಇಲ್ಲದೆ ಅದರೊಳಗೆ ಒಂದು ಮಗುವನ್ನೂ ಬಿಡಬಾರದು.

ಲೆಕ್ಕ ಹೀಗಾಯಿತು: ಗಾಡಿಗೆ 350, ಟೈರು ಬೇರಿಂಗಿಗೆ 160, ನೆಲಕ್ಕೆ 120, ವೈರಿಂಗಿಗೆ 140, ಎಸಿಗೆ 110, ಸೀಲಂಟು ಮತ್ತು ಬಣ್ಣಕ್ಕೆ 90, ಲೋಬೆಡ್ ಲಾರಿ ಬಾಡಿಗೆ 60. ಒಟ್ಟು 1,030 ರಿಯಾಲ್. ನಮ್ಮ ಕೂಲಿ ಸೇರಿಸಿಲ್ಲ, ಚಾಸಿ ವೆಲ್ಡಿಂಗೂ ಸೇರಿಲ್ಲ. ಮುಲ್ಕಿಯಾ ಇಲ್ಲದ ಗಾಡಿ, ರಸ್ತೆಗೆ ಇಳಿಯೋ ಹಾಗಿಲ್ಲ. ನಿಲ್ಲಿಸೋಕೆ ಜಾಗ? ನಾಳೆ ನನ್ನ ವೀಸಾ ಮುಗಿದರೆ ಇದನ್ನು ಯಾರು ನೋಡಿಕೊಳ್ಳೋದು?

ಊರಿಗೆ ಫೋನ್ ಮಾಡಿದಾಗ ಮನೆಯಾಕೆ ಎಲ್ಲಾ ಕೇಳಿ ಒಂದೇ ಮಾತು ಹೇಳಿದಳು: “ಅಲ್ರೀ, ನಿಮಗ ಮಲಗಾಕ ಕಂಪನಿ ರೂಮ್ ಐತಿ. ಇಲ್ಲಿ ನಮ್ಮ ಮನಿ ಮಾಳಗಿ ಸೋರಾಕತ್ತೈತಿ. ಗಾಲಿ ಇರೋ ಮನಿ ಮೊದಲೋ, ಗಾಲಿ ಇಲ್ಲದ ಮನಿ ಮೊದಲೋ, ನೀವ ಹೇಳ್ರಿ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಆಸೆ ಹೋಗಲಿಲ್ಲ. ನಾಲ್ಕು ಜನ ಸೇರಿದರೆ ದುಡ್ಡು ಹೊಂದೀತು, ಹಿರಿಯರ ನೆನಪು ಅಂದ ಮೇಲೆ ಅಷ್ಟಾದರೂ ಮಾಡಬೇಡವೆ ಅನ್ನಿಸುತ್ತಿತ್ತು.

ಅಣ್ಣ ಹೇಳಿದ್ದು

ಆ ಆಸೆಯನ್ನು ಬಿಡಿಸಿದ್ದು ಫೋರ್ಮನ್ ಅಣ್ಣನ ಮಾತು. ಯಾರ್ಡಿನಲ್ಲಿ ಅವರು ಒಳಗೆ ಹೋಗಿ ಮಂಚ ಮುಟ್ಟಿ ನೋಡಿದರು. ಕಣ್ಣಲ್ಲಿ ನೀರು ಬಂದೀತು ಅಂತ ನಾನು ಕಾಯುತ್ತಿದ್ದೆ. ಅವರು ನಕ್ಕರು.

“ಎಂತ ಮಾರಾಯ, ಇದು ನಮ್ಮ ಮನೆ ಅಂತ ಯಾರು ಹೇಳಿದ್ದು ನಿನಗೆ? ನಾಲ್ಕು ವರ್ಷ ಕ್ಯಾಂಪಿನಲ್ಲಿ ಇದ್ದೆ, ಇಂಥದ್ದರಲ್ಲಿ ಒಂದು ರಾತ್ರಿಯೂ ನಾನು ಮಲಗಿದ್ದಿಲ್ಲ. ಇದು ಸಾಹೇಬರದ್ದು. ಇದರ ಎಸಿ ಹಾಳಾದ್ರೆ ರಿಪೇರಿಗೆ ಒಳಗೆ ಬರ್ತಿದ್ದೆವು, ಅಷ್ಟೇ. ಆಗ ಹತ್ತು ನಿಮಿಷ ತಂಪು ಸಿಗ್ತಿತ್ತು. ಕೆಲವರು ಬೇಕಂತಲೇ ನಿಧಾನ ಮಾಡುದು. ನಾವು ಮಲಗಿದ್ದು ಟೆಂಟಿನಲ್ಲಿ. ಎಂಟು ಮಂಚ, ಒಂದು ಬಲ್ಬು. ರಾತ್ರಿ ಹತ್ತಕ್ಕೆ ನಮ್ಮ ಲೈನು ಬಂದ್. ಸಾಹೇಬರ ಲೈನು ಬೆಳಗಿನವರೆಗೆ. ಆ ಎರಡು ಲೈನು ಎಳೆದದ್ದೂ ನಾವೇ.”

ನಾನು ಸುಮ್ಮನೆ ನಿಂತೆ. ಒಂದು ಸಾವಿರ ರಿಯಾಲ್ ಸುರಿದು, ಮೂರು ತಿಂಗಳ ಶುಕ್ರವಾರಗಳನ್ನು ಕಳೆದು, ಕನ್ನಡಿ ಹಾಗೆ ಉಜ್ಜಿ, ನಾವು ಹಾಕಲಿದ್ದ ಬೋರ್ಡು ಸುಳ್ಳಾಗುತ್ತಿತ್ತು. ಗಾಡಿ ನಿಜವಾದದ್ದೇ, 1975 ಅನ್ನೋದೂ ನಿಜವೇ. ‘ನಮ್ಮ ಹಿರಿಯರು ಬಾಳಿದ ಮನೆ’ ಅನ್ನೋದು ಮಾತ್ರ ನಿಜವಲ್ಲ. ನಮ್ಮ ಮಕ್ಕಳು ಅದನ್ನು ನೋಡಿ, ಅಜ್ಜಂದಿರು ಗಲ್ಫಿನಲ್ಲಿ ಎಷ್ಟು ಚೆನ್ನಾಗಿದ್ದರು ಅಂದುಕೊಳ್ಳುತ್ತಿದ್ದರು.

ಟೆಂಟು ಉಳಿಯೋದಿಲ್ಲ, ಬಿಸಿಲಿಗೆ ಹರಿದು ಹೋಗುತ್ತದೆ. ಅಲ್ಯೂಮಿನಿಯಂ ಉಳಿಯುತ್ತದೆ. ಉಳಿದದ್ದನ್ನಷ್ಟೇ ನೋಡಿ ಚರಿತ್ರೆ ಬರೆದರೆ ಸಾಹೇಬರ ಚರಿತ್ರೆ ಆಗುತ್ತದೆ, ನಮ್ಮದಾಗೋದಿಲ್ಲ.

ಹಾಗಾಗಿ ಕೊಳ್ಳಲಿಲ್ಲ. ನನ್ನ ಪಾಲಿನ ದುಡ್ಡು ಊರಿಗೆ ಹೋಯಿತು. ಮಳೆಗಾಲಕ್ಕೆ ಮೊದಲೇ ಮಾಳಿಗೆ ಮೇಲೆ ತಗಡು ಬಿತ್ತು.

ಈ ಸಲದ ರಾಜ್ಯೋತ್ಸವದಲ್ಲಿ ಅಂಗಳದ ಮೂಲೆಯ ಟೆಂಟನ್ನು ನೀವೆಲ್ಲ ನೋಡಿದ್ದೀರಿ. ಬಾಡಿಗೆ ಟೆಂಟು, ಎರವಲು ತಂದ ಎಂಟು ಮಂಚ, ನಾನು ಹಾಕಿದ ಒಂದು ಬಲ್ಬು. ಖರ್ಚು 60 ರಿಯಾಲ್. ಅಣ್ಣ ಒಂದು ಮಂಚದ ಮೇಲೆ ಕೂತು ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಅರ್ಧ ಗಂಟೆಗೊಮ್ಮೆ ನಾನು ಬಲ್ಬು ಆರಿಸುತ್ತಿದ್ದೆ, ಮಕ್ಕಳು ‘ಓ’ ಅಂತ ಕೂಗುತ್ತಿದ್ದರು.

ಇನ್ನೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಪ್ಪನದೋ ಮಾವನದೋ ಹಳೆ ಪಾಸ್‌ಪೋರ್ಟು, ಹಡಗಿನ ಟಿಕೆಟ್ಟು, ಸಂಬಳದ ಚೀಟಿ, ಕ್ಯಾಂಪಿನ ಫೋಟೊ ಇದ್ದರೆ ಎಸೆಯಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಹಿಂದೆ ಇಸವಿ ಮತ್ತು ಊರು ಬರೆದು ಕೂಟಕ್ಕೆ ಕೊಡಿ. ಬದುಕಿರುವ ಹಿರಿಯರನ್ನು ಈಗಲೇ ಕೇಳಿ. ಎಲ್ಲಿ ಮಲಗಿದ್ದಿರಿ ಅನ್ನೋ ಪ್ರಶ್ನೆಯಿಂದ ಶುರು ಮಾಡಿ.